ಐದು ಶರ್ಟಿನ ಗೌನು

"ಇನ್ಮೇಲೆ ನಾನು ಬಟ್ಟೆ ಅಂಗಡಿ ಮೆಟ್ಟಿಲು ಹತ್ತಲ್ಲ!"

ವಾರಗಿತ್ತಿಯ ಮನೆಯ ಊಟದ ಮೇಜಿನ ಮುಂದೆ, ಕೈಯಲ್ಲಿ ಚಮಚ ಎತ್ತಿ ಹಿಡಿದು, ಯುದ್ಧ ಸಾರುವ ಮಹಾರಾಣಿಯ ಠೀವಿಯಲ್ಲಿ ಅವಳು ಈ ಘೋಷಣೆ ಮಾಡಿದಳು. ಕಾರಣವೇನೂ ದೊಡ್ಡದಲ್ಲ. ವಾರಗಿತ್ತಿ ಹೊಸ ಗೌನು ತೊಟ್ಟು, ಬಡಿಸುವ ನೆಪದಲ್ಲಿ ಮೇಜಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಳು. ಗೌನು ಯಾವ ಅಂಗಡಿಯದು, ಎಷ್ಟು ದಿನ ಕಾದು ಹೊಲಿಸಿದ್ದು ಎಂದು ಪ್ರತಿ ಸುತ್ತಿಗೂ ಒಂದೊಂದು ವಿವರ ಹೊರಬೀಳುತ್ತಿತ್ತು. ಕೇಳಿ ಕೇಳಿ ಇವಳ ಸಹನೆಯ ದಾರ ಪಟ್ಟನೆ ಕಿತ್ತುಹೋಯಿತು.

"ಮುಂದಿನ ಶನಿವಾರ ಊಟಕ್ಕೆ ಬರ್ತೀವಲ್ಲ, ಆಗ ನೋಡು. ನಿನ್ನ ಭಾವನ ಹಳೇ ಶರ್ಟುಗಳಲ್ಲೇ ಗೌನು ಹೊಲಿದು ಹಾಕ್ಕೊಂಡು ಬರ್ತೀನಿ!"

"ಪೂರ್ತಿ ಗೌನಾ ಅಕ್ಕಾ?" ವಾರಗಿತ್ತಿ ಬಲು ಮುಗ್ಧವಾಗಿ ಕೇಳಿದಳು.

ಆ 'ಪೂರ್ತಿ' ಸರಿಯಾದ ಜಾಗಕ್ಕೇ ನಾಟಿತು. ಏಕೆಂದರೆ ಅವಳು ಕೈಗೆತ್ತಿಕೊಂಡ ಕೆಲಸ ಪೂರ್ತಿಯಾದ ಉದಾಹರಣೆ ಆ ಕುಟುಂಬದಲ್ಲಿ ಯಾರಿಗೂ ನೆನಪಿರಲಿಲ್ಲ. ಒಂದೇ ತೋಳಿನ ಸ್ವೆಟರು, ಮೂರೇ ಗೋಡೆಗೆ ಬಣ್ಣ ಕಂಡ ಮಲಗುವ ಕೋಣೆ, ಎರಡನೇ ಪಾಠದಲ್ಲೇ ಮೌನವ್ರತ ಹಿಡಿದ ಗಿಟಾರು! ಹೀಗಾಗಿ ಗಂಡನ ಕಡೆಯವರೆಲ್ಲ ಸೇರಿ ಅವಳಿಗೆ 'ಅರ್ಧಾಂಗಿ' ಎಂಬ ಬಿರುದು ದಯಪಾಲಿಸಿದ್ದರು. ಗಂಡನಿಗೆ ಹೆಂಡತಿಯಾದದ್ದಕ್ಕಲ್ಲ, ಎಲ್ಲವನ್ನೂ ಅರ್ಧಕ್ಕೆ ಬಿಡುವುದಕ್ಕೆ! ಎಲ್ಲರ ಜೊತೆ ತಾನೂ ನಗುತ್ತಿದ್ದಳು, ನಿಜ. ಆದರೆ ಆ ಹೆಸರು ಅವಳಿಗೆ ಒಳಗೊಳಗೇ ನೋಯುತ್ತಿತ್ತು. ಈ ಒಂದು ಗೌನು ಮುಗಿದರೆ ಆ ಬಿರುದಿನ ಕಾಟವೂ ಮುಗಿದಂತೆ ಎಂದು ಅವಳು ಹಲ್ಲು ಕಚ್ಚಿ ನಿರ್ಧರಿಸಿದಳು.

ಇನ್ನು ಗಂಡನ ವಿಚಾರ. ಅವನು ಔಷಧಿ ಗೋದಾಮಿನಲ್ಲಿ ಸ್ಟೋರ್ ಕೀಪರ್. ಮದುವೆಯಾದಾಗಿನಿಂದ ಒಂದೇ ಅಂಗಡಿ, ಒಂದೇ ಅಳತೆ, ಒಂದೇ ನೀಲಿ ಗೆರೆಯ ಶರ್ಟು. "ಆರಿಸೋಕೆ ನಿಂತ್ರೆ ಅರ್ಧ ದಿನ ಹಾಳು" ಎಂಬುದು ಅವನ ಸಿದ್ಧಾಂತ. ಹೊಸ ಶರ್ಟನ್ನೂ ಒಮ್ಮೆ ನೀರಿಗೆ ಹಾಕಿ, ತಾನೇ ಇಸ್ತ್ರಿ ಮಾಡಿ, ಅಂಚಿಗೆ ಅಂಚು ಕೂಡಿಸಿ ಕಪಾಟಿನಲ್ಲಿ ಜೋಡಿಸುತ್ತಿದ್ದ. ಆ ಕಪಾಟಿಗೆ ಹೆಂಡತಿ ಎಂದೂ ಕೈ ಹಾಕಿದವಳಲ್ಲ.

"ರೀ, ನಿಮ್ಮ ಹಳೇ ಶರ್ಟುಗಳನ್ನ ತಗೋಳ್ಲಾ?"

"ಹಳೇದು ತಾನೇ? ಧಾರಾಳವಾಗಿ ತಗೋ. ಜಾಗನಾದ್ರೂ ಖಾಲಿಯಾಗುತ್ತೆ" ಎಂದು ಹೇಳಿ ಅವನು ಕೆಲಸಕ್ಕೆ ಹೋದ.

ಅರ್ಧಾಂಗಿ ಕಪಾಟು ತೆರೆದಳು. ಮೇಲಿಂದ ಕೆಳಗಿನವರೆಗೂ ನೀಲಿ ಗೆರೆ! ಯಾವುದು ಹಳೆಯದು? ಅವಳು ಸೊಂಟಕ್ಕೆ ಕೈಯಿಟ್ಟು ಯೋಚಿಸಿದಳು. ಮೇಲಿರುವುದನ್ನು ದಿನವೂ ಹಾಕಿಕೊಂಡು ಹೋಗುತ್ತಾರೆ. ಅಂದಮೇಲೆ ತಳದಲ್ಲಿರುವುದೇ ಹಳೆಯದು. ಎಷ್ಟು ಕಾಲದಿಂದ ಬೆಳಕು ಕಾಣದೆ ಬಿದ್ದಿವೆಯೋ ಪಾಪ! ತನ್ನ ಬುದ್ಧಿಗೆ ತಾನೇ ತಲೆದೂಗಿ, ತಳದಿಂದ ಮೂರನ್ನು ಎಳೆದಳು. ಬಿಡಿಸಿ ನೋಡಿದರೆ ಬಣ್ಣ ಒಂದಿಷ್ಟೂ ಮಾಸಿಲ್ಲ, ಕಾಲರು ಗರಿಗರಿ.

"ಆಗಿನ ಕಾಲದ ಬಟ್ಟೆ ಅಂದ್ರೆ ಬಟ್ಟೆ! ಈಗೆಲ್ಲಿ ಬರುತ್ತೆ ಇಂಥ ಮಾಲು?" ಎಂದು ಉದ್ಗರಿಸಿ ಕತ್ತರಿ ಆಡಿಸಿಯೇಬಿಟ್ಟಳು.

ಅವಳ ಅಮ್ಮನ ಕಾಲದ ಹೊಲಿಗೆ ಯಂತ್ರ ಮಂಚದ ಕೆಳಗಿನಿಂದ ಹೊರಬಂತು. ಮೊದಲ ಶರ್ಟಿನಲ್ಲಿ ಗೌನಿನ ಮೇಲ್ಭಾಗ ತಯಾರಾಯಿತು. ತನ್ನ ಮೈಯಳತೆ ಎಷ್ಟಿತ್ತೋ ಅಷ್ಟಕ್ಕೇ ಕತ್ತರಿಸಿದ್ದಳು. ಹೊಲಿಗೆಯೂ ಒಂದಿಷ್ಟು ಬಟ್ಟೆ ತಿನ್ನುತ್ತದೆ ಎಂಬುದು ಹೊಳೆದದ್ದು ಅದರೊಳಗೆ ಹೊಕ್ಕ ಮೇಲೆ. ಹೊಕ್ಕಿದ್ದೇನೋ ಹೊಕ್ಕಳು, ಹೊರಗೆ ಬರುವುದು ಹೇಗೆ? ಸಂಜೆ ಗಂಡ ಬಂದಾಗ ಹೆಂಡತಿ ಎರಡೂ ಕೈ ಮೇಲೆತ್ತಿ ನಡುಮನೆಯಲ್ಲಿ ನಿಂತಿದ್ದಳು.

"ಇದೇನೇ, ಯಾರಿಗೆ ಶರಣಾಗಿದ್ದೀಯ?"

"ಕಥೆ ಆಮೇಲೆ. ಮೊದಲು ಎಳೀರಿ!"

ಎಳೆದ. ಚರ್ರ್! ಶರ್ಟು ನಂಬರ್ ಒಂದು ವೀರಮರಣ ಹೊಂದಿತು.

ಎರಡನೆಯದರಲ್ಲಿ ಮೇಲ್ಭಾಗ ಸರಿಯಾಯಿತು, ತೋಳು ಕೈಕೊಟ್ಟಿತು. ಎರಡೂ ತೋಳುಗಳು ಬಲಗೈಗೇ ಆಗುವಂತೆ ಕತ್ತರಿಸಿದ್ದಳು! ಎಡಗೈಗೆ ಹಾಕಿಕೊಂಡರೆ ಕೈ ಬೆನ್ನಿನ ಕಡೆಗೇ ಹೊರಡುತ್ತಿತ್ತು. ಮೂರನೆಯದು ತೋಳಿಗೇ ಮುಗಿದು, ಮತ್ತೆ ಕಪಾಟಿನ ತಳಕ್ಕೆ ಕೈ ಹೋಯಿತು. ಮಾರನೆಯ ದಿನ ಊಟದ ಮೇಜಿನ ಮೇಲೆಯೇ ಯಂತ್ರವಿಟ್ಟು ಕೆಳಭಾಗದ ಉದ್ದನೆಯ ಹೊಲಿಗೆಯನ್ನು ಒಂದೇ ಉಸಿರಿಗೆ ಮುಗಿಸಿದಳು. ಗೆದ್ದ ಖುಷಿಯಲ್ಲಿ ಗೌನನ್ನು ಎತ್ತಿ ಹಿಡಿದರೆ ಮೇಜುಹಾಸೂ ಜೊತೆಗೇ ಎದ್ದು ಬಂತು. ಅದರ ಹಿಂದೆ ಉಪ್ಪಿನ ಡಬ್ಬಿ, ನೀರಿನ ಜಗ್ಗು, ಗಂಡನ ಕನ್ನಡಕ!

ನೆಲದಿಂದ ಕನ್ನಡಕ ಆರಿಸಿಕೊಳ್ಳುತ್ತ ಅವನು ಮೆಲ್ಲಗೆ ಹೇಳಿದ, "ಬಿಟ್ಟುಬಿಡೇ ಮಾರಾಯ್ತಿ. ರೆಡಿಮೇಡ್ ಒಂದು ತಂದುಕೊಡ್ತೀನಿ."

"ಬಿಡೋದಾ? ಆ ಮಾತನ್ನ ಈ ಮನೇಲಿ ಇನ್ನೊಂದು ಸಲ ಎತ್ತಬೇಡಿ!"

ಬಿಡಲಿಲ್ಲ. ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಬೆರಳಿಗೆ ಸೂಜಿ ಚುಚ್ಚಿಸಿಕೊಂಡಳು, ಯಂತ್ರಕ್ಕೆ ಬೈದಳು, ಬೈದದ್ದಕ್ಕೆ ಎಣ್ಣೆ ಬಿಟ್ಟು ಸಮಾಧಾನ ಮಾಡಿದಳು. ಮನೆ ತುಂಬ ನೀಲಿ ಗೆರೆಯ ಚೂರುಗಳು ಹಾರಾಡಿದವು. ಒಟ್ಟು ಐದು ಶರ್ಟುಗಳು ಖರ್ಚಾಗಿ, ಶುಕ್ರವಾರ ಸಂಜೆ ಗೌನು ಮುಗಿಯಿತು. ಪೂರ್ತಿ ಮುಗಿಯಿತು! ಕನ್ನಡಿಯ ಮುಂದೆ ನಿಂತಾಗ ಅವಳ ಕಣ್ಣು ತುಂಬಿ ಬಂತು. ಕೆಳಗೆ ಉದ್ದ ಗೆರೆ, ಸೊಂಟದ ಪಟ್ಟಿಗೆ ಅಡ್ಡ ಗೆರೆ, ಮುಂದೆ ಶರ್ಟಿನದೇ ಗುಂಡಿಗಳ ಸಾಲು. ಎಡ ಭುಜ ಮಾತ್ರ ಕೊಂಚ ಮೇಲಕ್ಕೆ ಎದ್ದಿತ್ತು. ಎಡಕ್ಕೆ ಸ್ವಲ್ಪ ವಾಲಿ ನಿಂತರೆ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಅವಳು ವಾಲಿ ನಿಲ್ಲುವುದನ್ನೂ ಅಭ್ಯಾಸ ಮಾಡಿಕೊಂಡಳು.

ಶನಿವಾರ ಹೊರಡುವ ಹೊತ್ತು. ಕಪಾಟಿನ ಮುಂದೆ ನಿಂತಿದ್ದ ಗಂಡ ಕೂಗಿದ.

"ನನ್ನ ಹೊಸ ಶರ್ಟುಗಳೆಲ್ಲಿ?"

"ಯಾವ ಹೊಸವು?"

"ತಳದಲ್ಲಿ ಇಟ್ಟಿದ್ನಲ್ಲ, ಐದು! ಇದರ ಕಾಲರ್ ಕಿತ್ತುಹೋಗಿದೆ, ಇವತ್ತು ಹೊಸದು ತೆಗೆಯೋಣ ಅಂತ ನೋಡಿದ್ರೆ ಒಂದೂ ಇಲ್ಲ!"

ಅವಳು ಗೌನಿನ ಗುಂಡಿಗಳನ್ನು ಅಂಗೈಯಿಂದ ಮುಚ್ಚಿಕೊಂಡಳು. "ಹೊಸದನ್ನ ಯಾರಾದ್ರೂ ತಳದಲ್ಲಿ ಇಡ್ತಾರೇನ್ರೀ?"

"ಮತ್ತೆ? ಹೊಸ ಮಾಲು ಕೆಳಗೆ, ಹಳೇ ಮಾಲು ಮೇಲೆ. ಮೊದಲು ಬಂದಿದ್ದು ಮೊದಲು ಹೋಗ್ಬೇಕು. ಇಲ್ಲಾಂದ್ರೆ ಗೋದಾಮಲ್ಲಿ ಅರ್ಧ ಔಷಧಿ ಅವಧಿ ಮೀರಿ ಹಾಳಾಗುತ್ತೆ!"

"ಶರ್ಟಿಗೆ ಎಲ್ಲಿಂದ ಬಂತ್ರೀ ಅವಧಿ!"

ಆಗ ಅವನ ದೃಷ್ಟಿ ಗೌನಿನ ಮೇಲೆ ಬಿತ್ತು. ಸೊಂಟದ ಪಟ್ಟಿಯಿಂದ ಗುಂಡಿಗಳಿಗೆ, ಗುಂಡಿಗಳಿಂದ ತೋಳಿಗೆ ಹರಿಯಿತು. ಅವನು ಮೆತ್ತಗೆ ಮಂಚದ ಮೇಲೆ ಕುಳಿತುಬಿಟ್ಟ.

ಬೇರೆಯವರಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದರು. ಅರ್ಧಾಂಗಿ ಅಳಲಿಲ್ಲ. ಇಷ್ಟು ದೂರ ಬಂದ ಮೇಲೆ ಹಿಂದಕ್ಕೆ ಹೋಗುವ ಮಾತೇ ಇರಲಿಲ್ಲ.

"ಏಳಿ. ಹಳೇದೋ ಹೊಸದೋ, ಅದು ನಿಮಗೂ ನನಗೂ ಮಾತ್ರ ಗೊತ್ತು. ಅಲ್ಲಿ ನೀವು ತುಟಿ ಬಿಚ್ಚಬಾರದು."

"ಸುಳ್ಳು ಹೇಳೋಕೆ ನಂಗೆ ಬರಲ್ಲ ಕಣೇ."

"ಸುಳ್ಳು ಹೇಳಿ ಅಂತ ಯಾರಂದ್ರು? ಬಾಯ್ತುಂಬ ಊಟ ಮಾಡಿ, ಸಾಕು!"

ಬಾಗಿಲು ತೆರೆದ ವಾರಗಿತ್ತಿ ಕಣ್ಣು ಪಿಳಿಪಿಳಿ ಬಿಟ್ಟಳು. ಗೌನಿನ ಸುತ್ತ ಒಂದು ಸುತ್ತು ಬಂದಳು. ಹೋದ ಸಲ ಮೇಜಿಗೆ, ಈ ಸಲ ಗೌನಿಗೆ ಪ್ರದಕ್ಷಿಣೆ! ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ಅಯ್ಯೋ ಅಕ್ಕಾ, ಇದು ಹಳೇ ಶರ್ಟಾ? ಹೊಚ್ಚ ಹೊಸದರ ಹಾಗಿದೆ!"

"ಎಲ್ಲ ಕೈಚಳಕ" ಎಂದು ಅರ್ಧಾಂಗಿ ಎಡಕ್ಕೆ ವಾಲಿ ನಿಂತು ಮುಗುಳ್ನಕ್ಕಳು.

ಊಟಕ್ಕೆ ಕೂತಾಗ ಮೈದುನ ಲೋಟ ಎತ್ತಿ ಹಿಡಿದು ಸಾರಿದ, "ಅತ್ತಿಗೆ, ಇವತ್ತಿನಿಂದ ನಿಮ್ಮ ಬಿರುದು ವಾಪಸ್!" ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಧಾಂಗಿಗೆ ಹೊಟ್ಟೆ ತುಂಬಲು ಊಟವೇ ಬೇಕಾಗಲಿಲ್ಲ. ಗಂಡ ಮಾತ್ರ ಹೆಂಡತಿ ಹೇಳಿದಂತೆಯೇ ಬಾಯ್ತುಂಬ ತುಂಬಿಕೊಂಡು, ತಲೆ ತಗ್ಗಿಸಿ ಅಗಿಯುತ್ತಿದ್ದ.

ಅಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ವಾರಗಿತ್ತಿ ಒಳಗೆ ಹೋಗಿ ದೊಡ್ಡದೊಂದು ಗಂಟು ತಂದು ಇವಳ ಮಡಿಲಲ್ಲಿಟ್ಟಳು.

"ಅಕ್ಕಾ, ಇವು ಇವರ ಹಳೇ ಶರ್ಟುಗಳು. ಮುಂದಿನ ಶನಿವಾರಕ್ಕೆ ನಂಗೂ ಇಂಥದ್ದೇ ಒಂದು ಹೊಲಿದುಕೊಡಿ. ಇಲ್ಲ ಅನ್ನಬಾರದು!"

ಗಂಟು ಬಿಚ್ಚಿದರೆ, ಅವು ನಿಜಕ್ಕೂ ಹಳೆಯವು. ಬೆಳಕಿಗೆ ಹಿಡಿದರೆ ಆಚೆ ಬದಿಯ ಗೋಡೆ ಕಾಣುವಷ್ಟು ಹಳೆಯವು! ಮುಟ್ಟಿದ ಕಡೆಯೇ ಪಿಸಿಯುತ್ತಿದ್ದವು. ಅರ್ಧಾಂಗಿ ಬೆರಳು ಹಿಂದಕ್ಕೆಳೆದುಕೊಂಡಳು. ಆದರೂ ಎದೆ ಸೆಟೆಸಿ, "ಅದೇನು ಮಹಾ, ಕೊಡು" ಎಂದಳು.

ಗಂಡನಿಗೆ ತಡೆಯಲಾಗಲಿಲ್ಲ. ಬಾಯಲ್ಲಿದ್ದುದನ್ನು ನುಂಗಿ, ಗಂಟನ್ನು ನೋಡಿ, ಗೋದಾಮಿನಲ್ಲಿ ಮಾಲು ಹಿಂದಿರುಗಿಸುವಾಗಿನ ಗಂಭೀರ ಧ್ವನಿಯಲ್ಲಿ ಹೇಳಿದ:

"ಇದರಲ್ಲಿ ಆಗಲ್ಲಮ್ಮ. ಇವಳಿಗೆ ಹಳೇದರಲ್ಲಿ ಹೊಲಿದು ಅಭ್ಯಾಸ ಇಲ್ಲ. ಹೊಸವು ಇದ್ರೆ ಕೊಡು, ಐದು ಬೇಕಾಗುತ್ತೆ."

ವಾರಗಿತ್ತಿ ಒಮ್ಮೆ ಗೌನನ್ನು ನೋಡಿದಳು. ಆಮೇಲೆ ಭಾವನ ಕಿತ್ತುಹೋದ ಕಾಲರನ್ನು ನೋಡಿದಳು.

"ಅಕ್ಕಾ, ಹಳೇದನ್ನ ಹೊಸದು ಮಾಡ್ತೀನಿ ಅಂದಿದ್ರಿ. ನಮ್ಮ ಭಾವನ್ನ ನೋಡಿದ್ರೆ ಹೊಸದನ್ನ ಹಳೇದು ಮಾಡಿದ ಹಾಗಿದೆಯಲ್ಲ!"

ಅರ್ಧಾಂಗಿ ವಾಲುವುದನ್ನೂ ಮರೆತು ನೆಟ್ಟಗೆ ಕುಳಿತಳು. ಎಲ್ಲರೂ ಗೊಳ್ಳೆಂದು ನಕ್ಕರು, ಮೈದುನ ಮಾತ್ರ ನಗಲಿಲ್ಲ. ಅವನು ಕೈ ತೊಳೆದು, ಸದ್ದಿಲ್ಲದೆ ಮಲಗುವ ಕೋಣೆಗೆ ಹೋದ. ಅಲ್ಲಿ ತನ್ನ ಶರ್ಟುಗಳ ಕಪಾಟಿಗೆ ಬೀಗ ಹಾಕಿದ ಸದ್ದು ಊಟದ ಮೇಜಿನವರೆಗೂ ಸ್ಪಷ್ಟವಾಗಿ ಕೇಳಿಸಿತು.