ಬೀಳಗಿಯಲ್ಲಿ ಸಿಕ್ಕ ಅಕ್ರೋಟ

ರವಿವಾರ ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲು ನೋಡುತ್ತಿದ್ದ ಅಮಸಿದ್ದಪ್ಪ ತುಟಿಗೆ ಒಯ್ದ ಕಪ್ಪನ್ನು ಅಲ್ಲೇ ನಿಲ್ಲಿಸಿದ. ಹಳೇ ಸಾಮಾನು ಮಾರುವವರ ವಾಟ್ಸಾಪ್ ಗುಂಪಿನಲ್ಲಿ, ಟ್ರ್ಯಾಕ್ಟರ್ ಟಾಯರು ಮತ್ತು ಗಬ್ಬದ ಎಮ್ಮೆಯ ನಡುವೆ, ಒಂದು ಫೋಟೊ ಬಂದಿತ್ತು. 'ಹಳೀ ಬಾಜಾ ಸಾಮಾನು ಕೊಡೂದೈತಿ. ಹುಲೆಪ್ಪ, ಬೀಳಗಿ.' ದನದ ಕೊಟ್ಟಿಗೆಯ ಮೂಲೆಯಲ್ಲಿ ಹಿಂಡಿಯ ಚೀಲ ಹೊತ್ತುಕೊಂಡು ಒಂದು ಡ್ರಮ್ ಸೆಟ್ಟು ಕೂತಿತ್ತು. ಅವನು ಎರಡು ಬೆರಳಿಂದ ಫೋಟೊ ಹಿಗ್ಗಿಸಿದ. ಧೂಳಿನ ಕೆಳಗೆ ಕಪ್ಪುಗಂದು ಬಣ್ಣದ ಕಟ್ಟಿಗೆ, ಅದರಲ್ಲಿ ಹೊಳೆಯ ನೀರಿನಂಥ ಗೆರೆಗಳು.

"ಅಕ್ರೋಟ!" ಎಂದು ಕೂಗಿಬಿಟ್ಟ.

ಅಮಸಿದ್ದಪ್ಪ ಜಮಖಂಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಸಣ್ಣವನಿದ್ದಾಗ ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸಿದವನು, ಈಗ ರಜೆಯ ದಿನ ಮದುವೆ ಆರ್ಕೆಸ್ಟ್ರಾದಲ್ಲಿ ಬಾಡಿಗೆಯ ಡ್ರಮ್ ಬಾರಿಸುತ್ತಿದ್ದ. ಅವುಗಳ ದನಿಯೋ, ಬಿಸ್ಕೀಟಿನ ಡಬ್ಬಿಯೇ ವಾಸಿ. ಹಿಂದೊಮ್ಮೆ ಕೊಲ್ಹಾಪುರದ ಅಂಗಡಿಯಲ್ಲಿ ಅಕ್ರೋಟ ಮರದ ಸೆಟ್ಟೊಂದನ್ನು ಕಂಡು, ಮಾಲೀಕನನ್ನು ಕಾಡಿ ಬೇಡಿ ಒಂದೇ ಒಂದು ಪೆಟ್ಟು ಹಾಕಿದ್ದ. ಬೇರೆ ಕಟ್ಟಿಗೆಯ ದನಿ ಕಿವಿಗೆ ಬಡಿದು ಓಡಿಹೋಗುತ್ತದೆ. ಇದು ನೆಲದಿಂದ ಅಂಗಾಲಿಗೆ ಹತ್ತಿ, ಎದೆಯೊಳಗೆ ಬಂದು ಕೂತು, ಉಂಡು ಎದ್ದರೂ ಹೊರಡಲು ಮನಸ್ಸಿಲ್ಲದ ಬೀಗರಂತೆ ನಿಧಾನಕ್ಕೆ ಹೋಯಿತು. ಬೆಲೆಯ ಚೀಟಿ ನೋಡಿದಾಗ ಮಾತ್ರ ಕಾದ ಹಂಚು ಮುಟ್ಟಿದವನ ಹಾಗೆ ಕೈ ಹಿಂದಕ್ಕೆ ತೆಗೆದಿದ್ದ. ಅಷ್ಟು ದುಡ್ಡಿಗೆ ಎರಡು ಎಮ್ಮೆ, ಒಂದು ಬೈಕು ಬಂದು ಮೇಲೆ ಮದುವೆಯೂ ಆಗುತ್ತಿತ್ತು. ಅಂದಿನಿಂದ ಅವನ ಬೆರಳುಗಳು ಕಚೇರಿಯ ಮೇಜು, ಊಟದ ಡಬ್ಬಿ, ಕಡೆಗೆ ಮಲಗಿದ ಹೆಂಡತಿಯ ಬೆನ್ನ ಮೇಲೂ ಆ ದನಿಯನ್ನು ಹುಡುಕುತ್ತಿದ್ದವು.

ಗೋಡೆಯಾಚೆಯಿಂದ ಪಕ್ಕದ ಮನೆಯ ಲಕ್ಷ್ಮವ್ವ ಇಣುಕಿದಳು. "ಎಲ್ಲೈತೋ ತಮ್ಮಾ ಅಕ್ರೋಟ?"

"ಬೀಳಗ್ಯಾಗಬೇ. ಅಕ್ರೋಟದ ಡ್ರಮ್ಮ ಮಾರಾಕ ಬಂದೈತಿ."

ಲಕ್ಷ್ಮವ್ವನಿಗೆ ಗೊತ್ತಿದ್ದ ಡ್ರಮ್ಮು ಒಂದೇ, ನೀರು ತುಂಬಿಡುವ ನೀಲಿ ಪ್ಲಾಸ್ಟಿಕ್ಕಿನದು. "ಯವ್ವಾ, ಡ್ರಮ್ಮಗಟ್ಟಲೆ ಅಕ್ರೋಟ! ನನ್ನ ಮಮ್ಮಗಗ ದಿನಾ ಎರಡು ತಿನಸಂತ ಡಾಕ್ಟರ್ ಹೇಳ್ಯಾರ, ತಲಿ ಓಡತೈತಂತ. ನಾನೂ ಬರ್ತೇನಿ ತಡಿ."

ಅವನು ಬಿಡಿಸಿ ಹೇಳುವುದರೊಳಗೆ ಅವಳು ಚೀಲ ಹಿಡಿದು ಅಂಗಳಕ್ಕೆ ಬಂದಾಗಿತ್ತು. ಅಷ್ಟರಲ್ಲಿ ಫೋನು ಮಾಡಿ ಕರೆಸಿದ್ದ ಸಹೋದ್ಯೋಗಿ ಶಿವಪುತ್ರ ತನ್ನ ಪಿಕಪ್ ಗಾಡಿಯೊಂದಿಗೆ ಬಂದ. ಮುಂದಿನ ಸೀಟು ಲಕ್ಷ್ಮವ್ವನ ಪಾಲಾಯಿತು. ಅಮಸಿದ್ದಪ್ಪ ಹಿಂದೆ ತಾಡಪತ್ರಿಯ ಮೇಲೆ ಕೂತ. ದಾರಿಯುದ್ದಕ್ಕೂ ಶಿವಪುತ್ರ ಕಿಟಕಿಯಿಂದ ಕತ್ತು ಹೊರಹಾಕಿ ಉಪದೇಶ ಮಾಡಿದ.

"ಲೇ ಅಮಸಿದ್ದಾ, ನಿನ್ನ ಮಾರಿ ಮ್ಯಾಲಿನ ಖುಷಿ ಒರಸ್ಕೋ ಮೊದ್ಲ. ಅಂವಗ ಅದರ ಕಿಮ್ಮತ್ತ ಗೊತ್ತಿಲ್ಲ. ಬಾರಸಿ ನೋಡಂದ್ರ ಸಡಿಲ ಮಾಡಿ ಬಾರಸು. ಆವಾಜ ಕೆಟ್ಟಷ್ಟು ಸಾಮಾನ ಅಗ್ಗ!"

"ಮೋಸ ಆಗತೈತೋ..."

"ಮೋಸ ಅಲ್ಲಲೇ, ವ್ಯಾಪಾರ! ನಮ್ಮಪ್ಪ ದನದ ಸಂತ್ಯಾಗ ಹಿಂಗ ಮಾಡ್ತಿದ್ದ."

ಹುಲೆಪ್ಪ ದೊಡ್ಡ ರುಮಾಲಿನ, ಮೆತ್ತಗೆ ಮಾತಾಡುವ ಮನುಷ್ಯ. ಬಂದವರಿಗೆ ನೀರು ಕೊಟ್ಟು, ತಾನೇ ಸೆಟ್ಟನ್ನು ಎತ್ತಿ ತಂದು ಕಟ್ಟೆಯ ಮೇಲಿಟ್ಟು, ರುಮಾಲಿನ ಸೆರಗಿನಿಂದ ಒರೆಸಿದ. ಬಿಸಿಲು ಬಿದ್ದೊಡನೆ ಕಟ್ಟಿಗೆ ಬೆಲ್ಲದ ಪಾಕದ ಹಾಗೆ ಹೊಳೆಯಿತು. ಅಮಸಿದ್ದಪ್ಪ ಖುಷಿ ಒರೆಸಿಕೊಳ್ಳಲು ಮುಖದ ಮೇಲೆ ಕೈಯಾಡಿಸಿದ.

"ನನ್ನ ತಮ್ಮ ಜ್ಞಾನೇಶ್ವರಂದ್ರೀ ಇದು," ಎಂದ ಹುಲೆಪ್ಪ. "ಮುಂಬೈ ಹೊಟೇಲದಾಗ ಬಾರಸ್ತಿದ್ದ. ಊರಿಗೆ ತಂದಾಗ ಎಮ್ಮಿ ಬೆದರ್ತಾವ ಅಂತ ನಾ ಒಂದಿನಾನೂ ಬಾರಸಾಕ ಬಿಡಲಿಲ್ಲ. ಸಿಟ್ಟಾಗಿ ಪುಣೇಕ ಹ್ವಾದ, ಈಗ ಅಲ್ಲಿ ಇನ್ಸೂರೆನ್ಸ್ ಮಾಡಸ್ತಾನ. ಯಾರಿಗರ ಕೊಡಪಾ ಅಂದಾನ."

ಲಕ್ಷ್ಮವ್ವ ಡ್ರಮ್ಮಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದಳು. "ಅಕ್ರೋಟ ಎಲ್ಲೈತಿ?"

"ಏನ ಅಂದ್ರಿ?" ಹುಲೆಪ್ಪ ಕಿವಿಗೊಟ್ಟ.

"ಆರ್ಕೆಸ್ಟ್ರಾ ಅಂದ್ಳರೀ!" ಶಿವಪುತ್ರ ನಡುವೆ ಹಾರಿದ. "ಹಲ್ಲಿಲ್ಲ, ಪಾಪ, ಮಾತ ತೊದಲತಾವ."

"ನನ್ನ ಹಲ್ಲಿಗೇನ ಧಾಡಿ?" ಎಂದು ಲಕ್ಷ್ಮವ್ವ ಎರಡೂ ಸಾಲು ತೋರಿಸಿದಳು. ಜೋಳದ ತೆನೆಯಂತೆ ಒಂದೂ ಕಡಿಮೆ ಇರಲಿಲ್ಲ. ಶಿವಪುತ್ರ ಅವಳನ್ನು ಎಮ್ಮೆ ತೋರಿಸುವ ನೆವದಲ್ಲಿ ಆಚೆ ಕರೆದೊಯ್ದ.

"ಒಮ್ಮೆ ಬಾರಸಿ ನೋಡ್ರಿ," ಎಂದು ಹುಲೆಪ್ಪ ಕೋಲು ಕೊಟ್ಟ.

ಅಮಸಿದ್ದಪ್ಪ ಜೇಬಿನಿಂದ ಪುಟ್ಟ ಚಾವಿ ತೆಗೆದು, ಸರಿಮಾಡುವವನ ಹಾಗೆ ನಟಿಸುತ್ತ ಒಂದೊಂದೇ ತಿರುಪು ಸಡಿಲಿಸಿದ. ತನ್ನ ಕೈಯಿಂದ ತನ್ನ ದೇವರ ಬಾಯಿ ಮುಚ್ಚಿದಂತೆ ಅನ್ನಿಸಿತು. ಬಡಿದ. ಕೆಸರಿನಿಂದ ಎಮ್ಮೆ ಕಾಲು ಕಿತ್ತಂಥ ಸದ್ದಾಯಿತು. ಇನ್ನೊಂದಕ್ಕೆ ಬಡಿದ, ಹಸಿ ಗೋಣಿಚೀಲ ಕೆಮ್ಮಿದಂತಾಯಿತು. "ಸ್ವಲ್ಪ ಕೆಟ್ಟೈತ್ರಿ. ಇರ್ಲಿ, ಏನರ ಕೊಟ್ಟ ತಗೋತೇನಿ," ಎಂದ ನೆಲ ನೋಡುತ್ತ.

ಹುಲೆಪ್ಪನ ಮುಖ ಕಪ್ಪಿಟ್ಟಿತು. "ಬ್ಯಾಡ್ರಿ. ನಿಮ್ಮ ಹೆಸರ ಕೇಳಿದ್ರ ಗೊತ್ತಾಗತೈತಿ, ನೀವೂ ನಮ್ಮಂಗ ಬೀರಪ್ಪನ ಒಕ್ಕಲು. ಇಂಥಾ ಸತ್ತ ಸಾಮಾನ ನಿಮ್ಮ ಕೊರಳಿಗಿ ಕಟ್ಟಿ ಗುಡಿ ಮುಂದ ಹ್ಯಾಂಗ ನಿಲ್ಲಲಿ ನಾ?"

"ಹಂಗಾರ ಪುಕ್ಕಟ ಕೊಡ್ರಿ!" ಎನ್ನುತ್ತ ಓಡಿ ಬಂದ ಶಿವಪುತ್ರ.

"ಪುಕ್ಕಟ ಕೊಟ್ರೂ ನಿಮ್ಮ ಮನ್ಯಾಗ ಕುಂತ ದಿನಾ ನನ್ನ ಬೈತೈತದು. ನನ್ನ ತಮ್ಮ ಬದುಕ ಹಾಳ ಮಾಡ್ಕೊಂಡಿದ್ದು ಇಂಥಾದ್ದಕ್ಕ ಏನ? ಕೆಂಪವ್ವಾ, ಕೊಡ್ಲಿ ತಾ. ನೀರೊಲಿಗರ ಆಗ್ಲಿ."

ಹುಲೆಪ್ಪನ ಹೆಂಡತಿ ಕೆಂಪವ್ವ ಒಳಗಿಂದ ಕೊಡಲಿ ತಂದೇಬಿಟ್ಟಳು. ಹುಲೆಪ್ಪ ಅದನ್ನು ಎತ್ತಿದ.

"ಬ್ಯಾಡ್ರೀ!" ಅಮಸಿದ್ದಪ್ಪ ದೊಡ್ಡ ಡ್ರಮ್ಮನ್ನು ತೆಕ್ಕೆಯಲ್ಲಿ ಹಿಡಿದು ಅದರ ಮೇಲೆ ಮಲಗಿದ. "ತಪ್ಪ ನಂದು. ನಾನ ಕೆಡಸೇನಿ. ಎರಡ ನಿಮಿಷ ಕೊಡ್ರಿ!"

ಶಿವಪುತ್ರ ಹಣೆ ಬಡಿದುಕೊಂಡ. ಅಮಸಿದ್ದಪ್ಪನಿಗೆ ಅದು ಕಾಣಲಿಲ್ಲ. ಕಿವಿಯನ್ನು ಕಟ್ಟಿಗೆಗೆ ಹಚ್ಚಿ, ತಿರುಪು ತಿರುಪಿಗೂ ಕಾಯುತ್ತ ಬಿಗಿಮಾಡಿದ. ಆಮೇಲೆ ಕೂತು ಕಣ್ಣು ಮುಚ್ಚಿ ಕೋಲೆತ್ತಿದ.

ಆ ದನಿ ಬಂತು. ಅಂಗಾಲಿಗೆ ಹತ್ತಿತು, ಎದೆಯಲ್ಲಿ ಕೂತಿತು. ಅವನು ಹುಡುಗನಿದ್ದಾಗ ಕಲಿತ ಡೊಳ್ಳಿನ ನಡೆಯನ್ನೇ ಹಿಡಿದ. ದೊಡ್ಡ ಡ್ರಮ್ಮು ಗುಡಿಯ ಕಲ್ಲಿನ ಹಾಗೆ ಮಾತಾಡಿತು, ಸಣ್ಣವು ಅದಕ್ಕೆ ಹೂಂಗುಟ್ಟಿದವು. ಎಮ್ಮೆಗಳು ಬೆದರಲಿಲ್ಲ. ಮೇವು ಬಿಟ್ಟು ಕತ್ತೆತ್ತಿ ನಿಂತವು. ಇಷ್ಟು ವರ್ಷ ಮೇಜು, ಡಬ್ಬಿ, ಬಾಗಿಲುಗಳಲ್ಲಿ ಹುಡುಕಿದ್ದು ಈಗ ಎರಡೂ ಕೈ ತುಂಬ ಸಿಕ್ಕಿತ್ತು. ನಿಲ್ಲಿಸಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು ಬಾರಿಸುತ್ತಲೇ ಹೋದ. ನಿಲ್ಲಿಸಿದಾಗ ಲಕ್ಷ್ಮವ್ವ ಅಕ್ರೋಟ ಮರೆತು ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು.

ಹುಲೆಪ್ಪನ ಕಣ್ಣಲ್ಲಿ ನೀರಿತ್ತು. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ತಮ್ಮನಿಗೆ ಕರೆ ಹಚ್ಚಿದ್ದ ಮೊಬೈಲು. ಎಷ್ಟು ಹೊತ್ತಿನಿಂದ ಹಾಗೆ ಹಿಡಿದಿದ್ದನೋ.

"ಅಣ್ಣಾ," ಎಂದಿತು ಪುಣೆಯ ದನಿ, "ಅದು ನನ್ನ ಸೆಟ್ಟೇನ?"

"ಹೌದೋ ಜ್ಞಾನ್ಯಾ. ಹಿಂಗ ಅಂತೈತಂತ ಗೊತ್ತಿರಲಿಲ್ಲೋ ನನಗ."

"ಮಾರಬ್ಯಾಡ. ನಾ ಬರ್ತೇನಿ," ಎಂದು ಫೋನು ನಿಂತಿತು.

ಹುಲೆಪ್ಪ ಕೊಡಲಿಯನ್ನು ಅತ್ತ ಎಸೆದು ಅಮಸಿದ್ದಪ್ಪನ ಎರಡೂ ಕೈ ಹಿಡಿದುಕೊಂಡ. "ನೀವು ದೇವರ ಬಂದಂಗ ಬಂದ್ರಿ ನೋಡ್ರಿ. ಬರಲಿಲ್ಲಂದ್ರ ನಾ ಇದನ್ನ ಇವತ್ತ ಯಾರಿಗರ ಮಾರೇ ಬಿಡ್ತಿದ್ನಿ!"

ಅಮಸಿದ್ದಪ್ಪ ಕೋಲುಗಳನ್ನು ಜೋಡಿಸಿ ಕಟ್ಟೆಯ ಮೇಲಿಟ್ಟ. ಆಮೇಲೆ ಕೆಂಪವ್ವನ ಕಡೆ ತಿರುಗಿ, "ಯಕ್ಕಾ, ಒಂದ ಕಂಬಳಿ ಕೊಡ್ರಿ," ಎಂದ. "ಬಿಸಲಿಗಿ ಇಡಬಾರ್ದು ಇದನ್ನ."