ಮೂರು ತಾಲ್ಲೂಕಿಗೆ ಕೇಳಿಸುವ ಮೌನ

ನಮ್ಮ ಚಿಕ್ಕಪ್ಪ ಮೌನ ಆಚರಿಸಿದರೆ ಅದು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿಗೆ ಕೇಳಿಸುತ್ತದೆ. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಮೌನಕ್ಕೆ ಕೂರುವ ಹಿಂದಿನ ದಿನ ಅವರು ಪರಿಚಯದವರಿಗೆಲ್ಲ ಫೋನ್ ಮಾಡುತ್ತಾರೆ. "ನಾಳೆ ನಾನು ಮಾತಾಡಲ್ಲ ಮಾರಾಯ. ಎಂತದೇ ಇರ್ಲಿ, ಫೋನ್ ಮಾಡ್ಬೇಡ. ಯಾಕೆ ಅಂದ್ರೆ..." ಎಂದು ಶುರುವಾಗುವ ಆ 'ಯಾಕೆ' ಇಪ್ಪತ್ತು ನಿಮಿಷ ನಡೆಯುತ್ತದೆ. ತೀರ್ಥಹಳ್ಳಿಯ ಬಸ್ ಏಜೆಂಟರೊಬ್ಬರು ಚಿಕ್ಕಪ್ಪನಿಗೆ ಫೋನ್ ಮಾಡಿ ವರ್ಷವೇ ಆಗಿತ್ತು. ಫೋನ್ ಮಾಡಬೇಡಿ ಎಂದು ಹೇಳಲು ಅವರಿಗೂ ಫೋನ್ ಹೋಯಿತು!

ಚಿಕ್ಕಪ್ಪ ಮೂವತ್ತು ವರ್ಷ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಬೆಳಿಗ್ಗೆ ಸಾಗರ ಬಿಟ್ಟರೆ ಹೊಸನಗರ, ಆಮೇಲೆ ನಗರ ಎಂಬ ಊರಿನ ಮೇಲೆ ತೀರ್ಥಹಳ್ಳಿ ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ವಾಪಸು. ಅವರ ಬಸ್ಸಿನ ಹಾರ್ನ್ ಕೆಟ್ಟರೆ ಡ್ರೈವರ್ ರಿಪೇರಿಗೆ ಆತುರ ಮಾಡುತ್ತಿರಲಿಲ್ಲ ಎಂಬ ಮಾತಿದೆ. ಅಗತ್ಯವೂ ಇರಲಿಲ್ಲವಲ್ಲ! ಚರ್ಚಿನಲ್ಲೂ ಅಷ್ಟೆ. ಅವರು 'ಆಮೆನ್' ಎಂದರೆ ಪೀಠದ ಮೇಲಿನ ಮೇಣದ ಬತ್ತಿಗಳು ಒಮ್ಮೆ ಬೆಚ್ಚಿ ಮತ್ತೆ ನೇರವಾಗುತ್ತಿದ್ದವು.

ಇಂಥವರು ನಿವೃತ್ತರಾದ ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ಒಂದು ಭಾನುವಾರ, ನಮ್ಮ ಫಾದರ್ ಪೂಜೆಯ ಕೊನೆಗೆ ಒಂದು ಪ್ರಕಟಣೆ ಓದಿದರು. ಹೊಸನಗರದ ಆಚೆ ಗುಡ್ಡದ ಮೇಲಿನ ಧ್ಯಾನಕೇಂದ್ರದಲ್ಲಿ ಒಂದು ಇಡೀ ದಿನ ಮೌನ, ಪ್ರಾರ್ಥನೆ, ಆತ್ಮಶೋಧನೆ. ಆಸಕ್ತರು ಹೆಸರು ಕೊಡಬಹುದು. ಮೊದಲು ಹೆಸರು ಕೊಟ್ಟವರು ಚಿಕ್ಕಪ್ಪ. ಫಾದರ್ ಎರಡು ಸಲ ಕೇಳಿದರಂತೆ: "ಮೌನ ಅಂದ್ರೆ ಮಾತಾಡಬಾರ್ದು, ಗೊತ್ತಲ್ವಾ?"

ಅಲ್ಲಿಂದ ಬಂದವರು ಬೇರೆಯೇ ಮನುಷ್ಯ. "ಅಬ್ಬಬ್ಬಾ, ಮೌನಕ್ಕೆ ಎಂಥ ಶಕ್ತಿ ಇದೆ!" ಎಂದು ಅಂದಿನಿಂದ ಒಂದು ತಿಂಗಳು ಬಿಡದೆ ಹೇಳಿದರು. ಧ್ಯಾನಕ್ಕೆ ಬಂದಿದ್ದ ಇನ್ನೂ ನಾಲ್ವರನ್ನು ಸೇರಿಸಿ 'ಮೌನ ಗೆಳೆಯರು' ಎಂಬ ವಾಟ್ಸಾಪ್ ಗುಂಪು ಮಾಡಿದರು. ಮೌನ ಗೆಳೆಯರು ಬೆಳಿಗ್ಗೆ ಐದಕ್ಕೆ ಶುರುಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಫೋನಿನ ಬ್ಯಾಟರಿ ಮುಗಿಯುತ್ತಿತ್ತು.

ವರ್ಷಕ್ಕೊಂದು ದಿನ ಸಾಲದು ಎಂದು ಅವರು ಮನೆಯಲ್ಲೂ ಶುಕ್ರವಾರದ ಮೌನ ಶುರುಮಾಡಿದರು. ಇದರ ಕಷ್ಟ ಬಿದ್ದದ್ದು ಚಿಕ್ಕಮ್ಮನ ಮೇಲೆ. ಒಂದು ಶುಕ್ರವಾರ ನಾನಲ್ಲಿದ್ದೆ. ಚಿಕ್ಕಪ್ಪ ಎರಡೂ ಕೈಯ ಬೆರಳು ಸುತ್ತಿ ಕಣ್ಣ ಮುಂದೆ ಹಿಡಿದರು. ಚಿಕ್ಕಮ್ಮ ಒಳಗೆ ಹೋಗಿ ಎರಡು ಚಕ್ಕುಲಿ ತಂದಿಟ್ಟರು. ಚಿಕ್ಕಪ್ಪ ತಲೆ ಅಲ್ಲಾಡಿಸಿದರು. ಆದರೂ ಬಂದದ್ದನ್ನು ತಿಂದರು. ಆಮೇಲೆ ಸ್ಲೇಟಿನ ಮೇಲೆ 'ಕನ್ನಡಕ' ಎಂದು ಬರೆದು ತೋರಿಸಿದರು.

"ನನ್ನ ಕನ್ನಡಕವೂ ಎಲ್ಲೋ ಇದೆ, ಸಿಗ್ತಿಲ್ಲ. ಓದೋದು ಹೆಂಗೆ? ಬಾಯಲ್ಲಿ ಹೇಳಿ," ಎಂದರು ಚಿಕ್ಕಮ್ಮ. ಅವರ ಕನ್ನಡಕ ಅವರದೇ ಹಣೆಯ ಮೇಲೆ ಕೂತಿತ್ತು! ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಇವ್ರು ಮಾತಾಡಿದ್ರೆ ನನ್ನ ಕಿವಿ ಒಂದಕ್ಕೇ ಕೆಲ್ಸ. ಮೌನಕ್ಕೆ ಕೂತ್ರೆ ಮನೆಮಂದಿಗೆಲ್ಲ ಕೆಲ್ಸ ಕಣೇ."

ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿ ಅವರ ಮನೆಯ ಗೇಟು ದಾಟಿ ಹೋಗತೊಡಗಿತು. ಕೂಗುವಂತಿಲ್ಲ. ಚಿಕ್ಕಪ್ಪ ಚಪ್ಪಾಳೆ ತಟ್ಟಿದರು, ಕೇಳಲಿಲ್ಲ. ಓಡಿ ಒಳಗೆ ಹೋಗಿ ಹಳೆಯ ಕಂಡಕ್ಟರ್ ಸೀಟಿ ತಂದು ಉದ್ದಕ್ಕೆ ಒಂದು ಊದಿದರು ನೋಡಿ! ಸಿಲಿಂಡರ್ ಗಾಡಿ ನಿಂತಿತು. ಅದರ ಹಿಂದಿನ ಆಟೋ ನಿಂತಿತು. ಎದುರಿನಿಂದ ಬರುತ್ತಿದ್ದ ಶಾಲೆಯ ವ್ಯಾನೂ ನಿಂತಿತು. ಮರುದಿನ ನಾನು ಕೇಳಿದೆ, "ಚಿಕ್ಕಪ್ಪ, ಇದು ಮೌನಭಂಗ ಅಲ್ವಾ?"

"ಸೀಟಿ ಮಾತಲ್ಲ ಪುಟ್ಟೀ. ಸೀಟಿಗೆ ಎಂತ ವ್ಯಾಕರಣ ಇದೆ?"

ಕಳೆದ ತಪಸ್ಸುಕಾಲದಲ್ಲಿ ಅದೇ ಧ್ಯಾನಕೇಂದ್ರದಲ್ಲಿ ಮೂರು ದಿನದ ಮೌನಧ್ಯಾನ ಏರ್ಪಾಟಾಯಿತು. ಚಿಕ್ಕಮ್ಮನಿಗೆ ಮಂಡಿನೋವು. "ನೀನೇ ಜೊತೆಗೆ ಹೋಗೇ. ಇವ್ರು ಅಲ್ಲಿ ಏನು ಎಡವಟ್ಟು ಮಾಡ್ತಾರೋ," ಎಂದು ನನ್ನನ್ನು ಹೊರಡಿಸಿದರು. ನಾನು ಹೈಸ್ಕೂಲಿನ ಟೀಚರ್. ಮೂರು ದಿನ ಯಾರೂ ನನ್ನನ್ನು 'ಮಿಸ್' ಎಂದು ಕರೆಯುವುದಿಲ್ಲ ಎಂಬ ಆಸೆಗೇ ಒಪ್ಪಿಕೊಂಡೆ.

ಹೋಗುವಾಗ ಬಸ್ಸಿನಲ್ಲಿ ಚಿಕ್ಕಪ್ಪ ಅಕ್ಕಪಕ್ಕದವರಿಗೆಲ್ಲ ಮೌನ ಎಂದರೇನು ಎಂದು ವಿವರಿಸಿದರು. ಬಟ್ಟೆಮಲ್ಲಪ್ಪದಲ್ಲಿ ಇಳಿಯಬೇಕಾಗಿದ್ದ ಒಬ್ಬ ಅಜ್ಜ ಮುಂದಿನ ಸ್ಟಾಪಿನಲ್ಲಿ ಇಳಿದರು. ಕೇಳುತ್ತ ಮೈಮರೆತಿದ್ದರೋ, ಎದ್ದು ಹೋಗಲು ಇವರು ಬಿಡಲಿಲ್ಲವೋ ನನಗೆ ಗೊತ್ತಾಗಲಿಲ್ಲ.

ಕೇಂದ್ರ ನೋಡಿಕೊಳ್ಳುವ ಸಿಸ್ಟರ್ ಬಾಗಿಲಲ್ಲೇ ಎಲ್ಲರ ಮೊಬೈಲು ತೆಗೆದು ಒಂದು ಡಬ್ಬಿಯಲ್ಲಿಟ್ಟರು. ಪ್ರಾರ್ಥನಾ ಮಂದಿರದಲ್ಲಿ ಮೊದಲ ಮೌನ ಶುರುವಾಗಿ ಐದು ನಿಮಿಷ ಆಗಿರಬೇಕು, ಡಬ್ಬಿಯೊಳಗಿಂದ ಒಂದು ಭಕ್ತಿಗೀತೆ ಗಂಟಲು ಹರಿಯುವಂತೆ ಹಾಡತೊಡಗಿತು. ಯಾರ ಫೋನು ಎಂದು ಹೇಳಬೇಕೆ? ಇವರು ನಿಜವಾಗಿಯೂ ಮೌನಕ್ಕೆ ಕೂತರೋ ಇಲ್ಲವೋ ಎಂದು ವಿಚಾರಿಸಲು ಮೂರು ತಾಲ್ಲೂಕಿನವರು ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದರು.

ಇನ್ನು ಧ್ಯಾನ ನಡೆಸಲು, ಉಪದೇಶ ಮಾಡಲು ಪ್ರಸಂಗಿಗಳೊಬ್ಬರು ಹೊರಗಿನಿಂದ ಬಂದಿದ್ದರು. ಅವರು ಮೌನದ ಮಹತ್ವ ಕುರಿತು ಮೈಕಿನಲ್ಲಿ ಎರಡೂವರೆ ಗಂಟೆ ಮಾತಾಡಿದರು. "ಮಾತು ಕಡಿಮೆ ಮಾಡಿ" ಎಂಬುದನ್ನು ಹನ್ನೊಂದು ರೀತಿಯಲ್ಲಿ ಹೇಳಿದರು. ನಾನು ಆಕಳಿಸುತ್ತಿದ್ದರೆ ಚಿಕ್ಕಪ್ಪ ಒಂದು ಚೀಟಿ ಬರೆದು ನನ್ನ ಕೈಗಿಟ್ಟರು: 'ಮೌನದ ಬಗ್ಗೆ ಮಾತಾಡುವುದಾದರೆ ಹೀಗೆ ಮಾತಾಡಬೇಕು!'

ಊಟವಾದ ಮೇಲೆ ಕಣ್ಣು ಮುಚ್ಚಿ ಧ್ಯಾನ. ಕುಚ್ಚಲಕ್ಕಿ ಅನ್ನ, ಸಾರು, ಫ್ಯಾನಿನ ಗಾಳಿ. ನಲವತ್ತು ಜನರಲ್ಲಿ ಎಷ್ಟು ಮಂದಿ ದೇವರ ಹತ್ತಿರ ಹೋಗಿದ್ದರೋ, ಎಷ್ಟು ಮಂದಿ ನಿದ್ದೆಗೆ ಹೋಗಿದ್ದರೋ ನಾನು ಹೇಳಲಾರೆ. ಧ್ಯಾನ ಮುಗಿಯಿತೆಂದು ಸಿಸ್ಟರ್ ಪುಟ್ಟ ಗಂಟೆಯನ್ನು ಎರಡು ಸಲ ಬಾರಿಸಿದರು. ಬಸ್ಸಿನಲ್ಲಿ ಒಂದು ಗಂಟೆ ಎಂದರೆ ನಿಲ್ಲು, ಎರಡು ಎಂದರೆ ಹೊರಡು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ಗೋಡೆಗೆ ಎರಡು ಬಡಿದು, "ರೈಟ್! ಹೋಗ್ಲಿ!" ಎಂದು ಕೂಗಿದರು. ನಲವತ್ತು ಜನವೂ ಎದ್ದು ನಿಂತರು. ಪ್ರಸಂಗಿಗಳಂತೂ ಬಾಗಿಲವರೆಗೆ ಹೋಗಿಬಿಟ್ಟಿದ್ದರು!

ಎರಡನೆಯ ದಿನ ಆತ್ಮಶೋಧನೆ. ಫಾದರ್ ಎದುರು ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗುವ ಮುಂಚೆ ಮನಸ್ಸಿನ ಭಾರವನ್ನೆಲ್ಲ ಬರೆದುಕೊಳ್ಳಿ ಎಂದು ತಲೆಗೊಂದು ಹಾಳೆ ಕೊಟ್ಟರು. ಚಿಕ್ಕಪ್ಪ ಬೆರಳು ತೋರಿಸಿ ಇನ್ನೂ ಮೂರು ಹಾಳೆ ಇಸಿದುಕೊಂಡರು. ಪರರ ಪಾಪ ಓದಬಾರದು, ನಿಜ. ಆದರೆ ಹಾಳೆ ಗಾಳಿಗೆ ಹಾರಿ ನನ್ನ ಕಾಲ ಬಳಿ ಬಿದ್ದರೆ ಕಣ್ಣು ಏನು ಮಾಡೀತು? ಡ್ರೈವರನ ಸಿಟ್ಟು, ಚಿಕ್ಕಮ್ಮನ ಹಠ, ಪಕ್ಕದ ಮನೆಯ ನಾಯಿ, ಗಾಯನವೃಂದದ ಅಪಸ್ವರ ಎಲ್ಲವೂ ಅದರಲ್ಲಿತ್ತು. ತಮ್ಮದು ಎಂದು ಬರೆದುಕೊಂಡಿದ್ದ ಪಾಪ ಕೊನೆಯಲ್ಲಿ ಒಂದೇ ಒಂದು: 'ಇವರನ್ನೆಲ್ಲ ಸಹಿಸಿಕೊಂಡೆ ಎಂಬ ಹೆಮ್ಮೆ.'

ಅವರ ಪಾಪನಿವೇದನೆ ಮುಗಿಯುವಷ್ಟರಲ್ಲಿ ಅಡುಗೆಮನೆಯಲ್ಲಿ ಸಾರು ಎರಡು ಸಲ ಬಿಸಿಯಾಗಿತ್ತು. ಮೊದಲು ಹೊರಬಂದ ಫಾದರ್ ಒಂದು ಚೊಂಬು ನೀರನ್ನು ಎತ್ತಿ ಗಟಗಟ ಕುಡಿದರು. ಹಿಂದೆ ಬಂದ ಚಿಕ್ಕಪ್ಪನ ಮುಖ ಹಗುರಾಗಿತ್ತು. ಭಾರವೆಲ್ಲ ಫಾದರ್ ಮುಖಕ್ಕೆ ಹೋಗಿತ್ತು.

ಕೊನೆಯ ದಿನ ಬೆಳಿಗ್ಗೆ ಪ್ರಸಂಗಿಗಳ ಗಂಟಲು ಕೂತುಬಿಟ್ಟಿತು. ಬೇರೆ ದಾರಿಯಿಲ್ಲದೆ ಸಿಸ್ಟರೇ ಎದ್ದು ನಿಂತರು. ಮೈಕು ಹಿಡಿಯಲಿಲ್ಲ. "ನಾವು ಮಾತು ಬಿಟ್ಟಿರೋರು ಯಾರಾದ್ರೂ ಒಬ್ರು ಇರ್ತಾರೆ. ಆ ಮೌನ ದೇವರಿಗೆ ಬೇಕಾಗಿಲ್ಲ. ಹೊರಗೆ ಹೋಗಿ, ಅವರನ್ನ ನೆನೆಸ್ಕೊಂಡು ಸ್ವಲ್ಪ ಹೊತ್ತು ಕೂತ್ಕೊಳ್ಳಿ," ಎಂದು ಹೇಳಿ ಕೂತುಬಿಟ್ಟರು. ಅಷ್ಟೇ.

ಇಲ್ಲಿ ಒಂದು ವಿಷಯ ಹೇಳಬೇಕು. ಕಂಡಕಂಡವರ ಜೊತೆಗೆಲ್ಲ ಮಾತಾಡುವ ನಮ್ಮ ಚಿಕ್ಕಪ್ಪ ಒಬ್ಬರ ಜೊತೆ ಮಾತ್ರ ಏಳು ವರ್ಷದಿಂದ ಮಾತಾಡಿರಲಿಲ್ಲ. ಆ ಒಬ್ಬರು ನನ್ನ ಅಪ್ಪ, ಅವರ ಒಡಹುಟ್ಟಿದ ಅಣ್ಣ. ಎರಡು ಮನೆಗಳ ನಡುವೆ ಎರಡೇ ಬೀದಿ. ಹೆಂಗಸರು, ಮಕ್ಕಳು ಎರಡೂ ಕಡೆ ಹೋಗಿಬರುತ್ತೇವೆ. ಇವರಿಬ್ಬರು ಮಾತ್ರ ಇಲ್ಲ. ಪೂಜೆಯಲ್ಲಿ ಒಬ್ಬರಿಗೊಬ್ಬರು ಸಮಾಧಾನ ಕೋರುವ ಹೊತ್ತು ಬಂದಾಗ ಚಿಕ್ಕಪ್ಪ ಎಡಕ್ಕೆ ತಿರುಗಿ ಕೈಮುಗಿಯುತ್ತಾರೆ, ಅಪ್ಪ ಬಲಕ್ಕೆ.

ಇದು ಅಜ್ಜಿ ತೀರಿಕೊಂಡ ದಿನ ಶುರುವಾದದ್ದು. ಅಜ್ಜಿ ಹೋದದ್ದು ಮಧ್ಯಾಹ್ನ. ಚಿಕ್ಕಪ್ಪ ಖಾಕಿ ಅಂಗಿಯಲ್ಲೇ ಮನೆ ಸೇರಿದಾಗ ಸಂಜೆಯಾಗಿತ್ತು. ಸೇರಿದ್ದ ಜನರೆದುರೇ ಅಪ್ಪ, "ಊರಿನವರನ್ನೆಲ್ಲ ಅವರವರ ಮನೆ ಮುಟ್ಟಿಸಿ ಬಂದ್ಯಾ? ಅಮ್ಮ ಕಾದು ಕಾದು ಹೋದ್ಲು," ಎಂದುಬಿಟ್ಟರು. ಚಿಕ್ಕಪ್ಪ ಅದಕ್ಕೆ ಒಂದಕ್ಷರವೂ ಉತ್ತರ ಕೊಡಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಸಿಸ್ಟರ್ ಮಾತಿನ ನಂತರ ಚಿಕ್ಕಪ್ಪ ಅಂಗಳದ ಕಲ್ಲುಬೆಂಚಿನ ಮೇಲೆ ಹೋಗಿ ಕೂತರು. ಬೆಂಚಿನ ಇನ್ನೊಂದು ತುದಿಯಲ್ಲಿ ನಾನು. ಅವರು ಕೆಮ್ಮಲಿಲ್ಲ, ಚೀಟಿ ಬರೆಯಲಿಲ್ಲ, ಕೈಸನ್ನೆ ಮಾಡಲಿಲ್ಲ. ಬಹಳ ಹೊತ್ತಾದ ಮೇಲೆ ನನ್ನ ಕಡೆ ಬಗ್ಗಿದರು. ಅವರು ಪಿಸುಗುಟ್ಟಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ.

"ಪುಟ್ಟೀ, ಅಣ್ಣ ಈಗ ಏನ್ ಮಾಡ್ತಿರ್ತಾನೆ?"

"ಪೇಪರ್ ಓದ್ತಿರ್ತಾರೆ, ಚಿಕ್ಕಪ್ಪ."

"ಶುಗರ್ ಹೆಂಗಿದೆ?"

"ಪರವಾಗಿಲ್ಲ."

ತಲೆಯಾಡಿಸಿದರು. ಬರುವಾಗ ಬಸ್ಸಿನಲ್ಲೂ ಮಾತಿಲ್ಲ. ಪರಿಚಯದ ಕಂಡಕ್ಟರ್ ಹೆದರಿ, "ಅಣ್ಣ, ಹುಷಾರಿಲ್ವಾ?" ಎಂದು ಕೇಳಿದ. ಸಾಗರದಲ್ಲಿ ಇಳಿದು ಅವರ ಮನೆಯ ಬೀದಿ ಬಂದಾಗ ಚಿಕ್ಕಪ್ಪ ತಿರುಗಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ನನ್ನ ಜೊತೆಗೇ ನಡೆದರು.

ಅಪ್ಪ ಜಗಲಿಯಲ್ಲಿ ಕೂತು ಹಳೆಯ ಕೊಡೆಗೆ ಕಡ್ಡಿ ಕಟ್ಟುತ್ತಿದ್ದರು. ಅಪ್ಪ ಪೋಸ್ಟ್ ಆಫೀಸಿನಲ್ಲಿದ್ದು ನಿವೃತ್ತರಾದವರು. ದಿನಕ್ಕೆ ನಾಲ್ಕು ವಾಕ್ಯದ ಮನುಷ್ಯ. ಗೇಟಿನ ಸದ್ದಿಗೆ ತಲೆಯೆತ್ತಿ ನೋಡಿದರು. ಚಿಕ್ಕಪ್ಪ ಮೆಟ್ಟಿಲ ಕೆಳಗೇ ನಿಂತರು. ಬಾಯಿ ತೆರೆದರು. ಆ ಗಂಟಲಿನಿಂದ, ನಂಬಿ, ಸ್ವರವೇ ಹೊರಡಲಿಲ್ಲ.

ಅಪ್ಪ ಕೊಡೆ ಕೆಳಗಿಟ್ಟರು. "ಏನೋ, ಇವತ್ತೂ ಮೌನವಾ?"

ಚಿಕ್ಕಪ್ಪ ಇಲ್ಲವೆಂದು ತಲೆಯಾಡಿಸಿ ಮೆಟ್ಟಿಲ ಮೇಲೆ ಕೂತರು. ಅಪ್ಪನೇ ಕೇಳಿದರು: "ಅವತ್ತು ಎಲ್ಲಿದ್ದೆ ನೀನು?"

ಏಳು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವೆಲ್ಲ ಉತ್ತರ ಗೊತ್ತೆಂದೇ ತಿಳಿದಿದ್ದೆವು.

"ಅಮ್ಮಂಗೆ ಸೀರಿಯಸ್ ಅಂತ ನಗರದಲ್ಲಿ ಸುದ್ದಿ ಸಿಕ್ತು ಅಣ್ಣ," ಎಂದರು ಚಿಕ್ಕಪ್ಪ. "ಅಲ್ಲೇ ಬಸ್ ಬಿಟ್ಟು ಇಳಿದೆ. ಬ್ಯಾಗು ಡ್ರೈವರ್ ಕೈಗೆ ಕೊಟ್ಟೆ. ಈ ಕಡೆ ಬರೋಕೆ ಒಂದು ಗಾಡಿನೂ ಇರ್ಲಿಲ್ಲ. ಅರ್ಧ ದಾರಿ ನಡೆದೆ, ಅರ್ಧ ಓಡಿದೆ. ಹೊಸನಗರದ ಹತ್ರ ಒಂದು ಟೆಂಪೋ ಸಿಕ್ತು. ಮನೆ ಮುಂದೆ ಜನ ನೋಡಿದ ಕೂಡ್ಲೇ ಗೊತ್ತಾಯ್ತು."

"ಇದನ್ನ ಅವತ್ತೇ ಹೇಳಬಾರ್ದಿತ್ತಾ?"

"ಹೇಳಿದ್ರೆ ಎಂತ ಅಣ್ಣ? ಅಮ್ಮ ಕಾದಿದ್ದು ನಿಜ ಅಲ್ವಾ?"

 ಆಗ ಅಪ್ಪ, ನಾನಾಗಲಿ ನನ್ನ ಅಮ್ಮನಾಗಲಿ ಎಂದೂ ಅವರ ಬಾಯಿಂದ ಕೇಳಿರದ ಮಾತು ಹೇಳಿದರು.

"ಅಮ್ಮ ಎರಡು ಸಲ ನಿನ್ನ ಕೇಳಿದ್ಲು. 'ಚಿಕ್ಕೋನು ಬಂದ್ನಾ?' ಅಂತ. ಎರಡನೇ ಸಲ ನಂಗೆ ತಡೆಯೋಕಾಗ್ಲಿಲ್ಲ. 'ಬಂದ ಅಮ್ಮ, ಹೊರಗೆ ಕೈಕಾಲು ತೊಳೀತಿದಾನೆ' ಅಂದೆ. ಅವಳು ಬಾಗಿಲ ಕಡೆ ನೋಡ್ತಾ ಹೋದ್ಲು ಕಣೋ. ಸಾಯೋ ಹೊತ್ತಲ್ಲಿ ಅಮ್ಮಂಗೆ ಸುಳ್ಳು ಹೇಳಿದೆ ಅನ್ನೋ ಸಂಕಟ ನಂದು. ಅದನ್ನ ನಿನ್ನ ಮೇಲೆ ತೀರಿಸ್ಕೊಂಡೆ."

 ಚಿಕ್ಕಪ್ಪ ನಿಧಾನಕ್ಕೆ ಎದ್ದು ಚೀಲ ಮೆಟ್ಟಿಲ ಮೇಲಿಟ್ಟು ಅಂಗಳದ ನಲ್ಲಿಯ ಬಳಿಗೆ ಹೋದರು. ಚಪ್ಪಲಿ ಕಳಚಿದರು. ಬಗ್ಗಿ ಕೈ ತೊಳೆದರು, ಮುಖ ತೊಳೆದರು, ಒಂದೊಂದೇ ಕಾಲನ್ನು ಉಜ್ಜಿ ಉಜ್ಜಿ ತೊಳೆದರು. ತಿರುಗಿ ಬಂದಾಗ ಅಪ್ಪ ಟವೆಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.