ತೀರ್ಪುಗಾರರ ಮೇಜು

ಬಡಗಿಗೆ ಒಂದು ಕೆಟ್ಟ ಚಾಳಿಯಿತ್ತು. ಕೆಲಸಕ್ಕೆ ನಿಂತನೆಂದರೆ ಸ್ಕ್ರೂಗಳನ್ನೆಲ್ಲ ಬಾಯಲ್ಲಿ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ತಿರುಪುತ್ತಿದ್ದ. ಅಂಗಿಗೆ ಜೇಬು ಯಾಕಿದೆ ಎಂದು ಹೆಂಡತಿ ಕೇಳಿ ಕೇಳಿ ಬಿಟ್ಟಿದ್ದಳು. ಹೆಂಡತಿಯ ಮಾತು ಗಂಡಸರ ಕಿವಿಗೆ ಹೋಗುವ ಹಾಗಿದ್ದರೆ ಅರ್ಧ ಆಸ್ಪತ್ರೆಗಳು ಬಾಗಿಲು ಹಾಕಿಕೊಳ್ಳಬೇಕಾಗಿತ್ತು.

ಆ ದಿನ ಬೆಳಿಗ್ಗೆ ಅವನು ಒಂದು ಮೇಜಿನ ಕೊನೆಯ ಕಾಲು ಕೂರಿಸುತ್ತಿದ್ದ. ಬಾಕ್ಸಿಂಗ್ ಕ್ಲಬ್ಬಿನ ತೀರ್ಪುಗಾರರಿಗೆಂದು ಮಾಡಿದ ಮೇಜು ಅದು. ಸಂಜೆಯ ವಾರ್ಷಿಕ ಪಂದ್ಯಗಳಿಗೆ ಬೇಕಾಗಿತ್ತು. ಹೋದ ವರ್ಷದ ಮೇಜು ತೀರ್ಪುಗಾರರು ಮೊಣಕೈ ಊರಿದ್ದಕ್ಕೇ ಕಾಲು ಮುರಿದುಕೊಂಡು ಮಲಗಿತ್ತು. ಈ ಸಲ ಆನೆ ಬಂದು ಕೂತರೂ ಅಲುಗಬಾರದು ಎಂದು ಮರದಂಗಡಿಯ ಯಜಮಾನರು ಅಪ್ಪಣೆ ಕೊಟ್ಟಿದ್ದರು. ಬಡಗಿ ಹಳೆಯ ಹೆಬ್ಬಾಗಿಲೊಂದರ ಹಲಗೆ ತಂದು, ಉಳಿ ಇಟ್ಟರೆ ಉಳಿಯೇ ಬೆವರುವಂಥ ಆ ಮರದಲ್ಲಿ ಮೇಜು ಮಾಡಿದ್ದ.

ಸಂಜೆಯ ಪಂದ್ಯದಲ್ಲಿ ಅವನೂ ಇದ್ದ. ಹೊಟ್ಟೆ ಕರಗಿಸಲೆಂದು ಕ್ಲಬ್ಬಿಗೆ ಸೇರಿದ್ದನೇ ಹೊರತು ಯಾರನ್ನೂ ಹೊಡೆಯುವ ಆಸೆ ಅವನಿಗಿರಲಿಲ್ಲ. ಅವನ ಬಾಮೈದ ಕ್ಷೌರಿಕ. ಬಾಯಿ ಕತ್ತರಿಗಿಂತ ಚುರುಕು. ಭಾವನ ಹೆಸರನ್ನು ತಾನೇ ಕೊಟ್ಟು ಬಂದು, ತಲೆ ಒಡ್ಡಿದ ಪ್ರತಿಯೊಬ್ಬ ಗಿರಾಕಿಗೂ ಸುದ್ದಿ ಮುಟ್ಟಿಸಿದ್ದ. ಎದುರಾಳಿ ಅಂಚೆಯವನು, ಬಡಗಿಯಷ್ಟೇ ತೂಕ, ಬಡಗಿಯಷ್ಟೇ ಪುಕ್ಕಲು. ಹೊಟ್ಟೆಗೆ ನಾಲ್ಕು ಹುಸಿ ಏಟು ಹಾಕಿಕೊಂಡು ಕೈಕುಲುಕಿ ಮನೆಗೆ ಹೋಗುವುದೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು.

ಇನ್ನೊಂದೇ ಸ್ಕ್ರೂ ಬಾಕಿ ಇತ್ತು. ಅದು ಬಡಗಿಯ ದವಡೆಯಲ್ಲಿತ್ತು. ಆಗ ಪಾಲಿಶ್ ಹಚ್ಚುವವನು ಹಿಂದಿನಿಂದ ಬಂದು, "ಸಂಜೆ ಬಿಡಬೇಡ ಅವನನ್ನ" ಎನ್ನುತ್ತ ಬೆನ್ನಿಗೆ ಪಟ್ಟನೆ ಹೊಡೆದ.

ಬಡಗಿ ಕಚ್ಚಿದ. ಸ್ಕ್ರೂಗೆ ಏನೂ ಆಗಲಿಲ್ಲ.

ದಂತವೈದ್ಯರ ಕುರ್ಚಿಯಲ್ಲಿ ಕೂತ ಅವನ ಬಾಯೊಳಗೆ ಇಣುಕಿದ ಸಣ್ಣ ಡಾಕ್ಟರು, ದವಡೆ ಹಲ್ಲು ಮಧ್ಯಕ್ಕೆ ಬಿರುಕು ಬಿಟ್ಟು ನರ ಕಾಣುತ್ತಿದೆ ಎಂದರು. ಅವರನ್ನು ಸಣ್ಣ ಡಾಕ್ಟರು ಎನ್ನುತ್ತಿದ್ದುದು, ಅವರ ತಂದೆ ದೊಡ್ಡ ಡಾಕ್ಟರು ಇನ್ನೂ ಗಟ್ಟಿಮುಟ್ಟಾಗಿ ಬದುಕಿದ್ದರಿಂದ. ದೊಡ್ಡ ಡಾಕ್ಟರು ಇಂಜೆಕ್ಷನ್ ಕಂಡರೆ ಹೇಸುತ್ತಿದ್ದರು. ಮೊಣಕಾಲನ್ನು ರೋಗಿಯ ಎದೆಗೆ ಊರಿ ಹಲ್ಲು ಕೀಳುವುದು ಅವರ ಪದ್ಧತಿ. ಬಡಗಿಯ ಮಾವನಿಗೆ ನೋಯುತ್ತಿದ್ದ ಹಲ್ಲಿನ ಬದಲು ಪಕ್ಕದ್ದನ್ನು ಕಿತ್ತು, ತಪ್ಪು ತಿಳಿದ ಮೇಲೆ ನೋಯುತ್ತಿದ್ದುದನ್ನೂ ಕಿತ್ತು, ಸಾಲು ಸಮನಾಗಲಿ ಎಂದು ಇನ್ನೊಂದನ್ನೂ ಕಿತ್ತು ಕಳಿಸಿದ್ದರು. ಈಗ ಕೈ ನಡುಗುವುದರಿಂದ ಕೆಲಸ ಮಗನಿಗೆ ಬಿಟ್ಟಿದ್ದರು. ಅವರು ಲೋಟ ಎತ್ತಿದರೆ ಅರ್ಧ ನೀರು ಬಾಯಿಗೆ, ಅರ್ಧ ಅಂಗಿಗೆ.

ಸಣ್ಣ ಡಾಕ್ಟರದು ಹೂವಿನಂಥ ಕೈ. ಚುಚ್ಚಿದ್ದೇ ತಿಳಿಯಲಿಲ್ಲ. ಕೊರೆದು, ಔಷಧಿಯ ಹತ್ತಿ ಇಟ್ಟು, ಮೇಲೆ ತಾತ್ಕಾಲಿಕವಾಗಿ ಸಿಮೆಂಟು ಮೆತ್ತಿದರು.

"ಅರ್ಧ ಕೆಲಸ ಆಗಿದೆ. ಉಳಿದದ್ದು ನಾಳೆ ಬೆಳಿಗ್ಗೆ. ಅಲ್ಲೀವರೆಗೆ ಈ ಹಲ್ಲು ಮೊಟ್ಟೆ ಚಿಪ್ಪು ಅಂದ್ಕೊಳ್ಳಿ. ಅಲುಗಾಡ್ತು ಅಂದ್ರೆ ರಾತ್ರಿಯೆಲ್ಲ ಗೋಡೆ ಕೆರೀತೀರಿ."

ಪಂದ್ಯದ ವಿಷಯ ಹೇಳಿದರೆ ಬೈಯುತ್ತಾರೆಂದು ಬಡಗಿ ಹೇಳಲಿಲ್ಲ. ಅಂಚೆಯವನಿಗೆ ಹೇಳಿಟ್ಟರೆ ಸಾಕು, ಅವನು ಮುಖದ ತಂಟೆಗೆ ಬರುವುದಿಲ್ಲ ಎಂದುಕೊಂಡ. ಮನೆಯಲ್ಲಿ ಹೆಂಡತಿ, ಈ ಗಲ್ಲ ಹೊತ್ತುಕೊಂಡು ಹೋಗಬೇಡಿ ಎಂದಳು. ಬಾಮೈದ ಅಡ್ಡ ಬಂದ. ಗಿರಾಕಿಗಳೆಲ್ಲ ಬರುತ್ತಾರೆ, ಭಾವ ಬರದಿದ್ದರೆ ತಾನು ನಾಳೆ ಅಂಗಡಿಯ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುವ ಹಾಗಿಲ್ಲ ಎಂದ. ಬಡಗಿ ಯಾರಿಗೂ ಎದುರು ಹೇಳುವವನಲ್ಲ. ಹೋದ.

ಕ್ಲಬ್ಬಿಗೆ ಹೋದರೆ ಅಂಚೆಯವನು ತೂಕದ ಯಂತ್ರದ ಪಕ್ಕ ಪೆಚ್ಚಾಗಿ ನಿಂತಿದ್ದ. ಮಧ್ಯಾಹ್ನ ಭಾವೀ ಅತ್ತೆಯ ಮನೆಯಲ್ಲಿ ಊಟ ಮಾಡಿ ಬಂದಿದ್ದನಂತೆ. ತೂಕ ಮಿತಿ ದಾಟಿದೆ ಎಂದು ಹೊರಗೆ ಹಾಕಿದ್ದರು. ಬಡಗಿಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಅಂಗಿ ಹಾಕಿಕೊಳ್ಳಲು ಹೊರಟ.

ಅಷ್ಟರಲ್ಲಿ ತೀರ್ಪುಗಾರರ ಮೇಜಿನಿಂದ ಗುಡುಗು ಕೇಳಿಸಿತು. ಮುಖ್ಯ ತೀರ್ಪುಗಾರರಾಗಿ ಕೂತಿದ್ದವರು ದೊಡ್ಡ ಡಾಕ್ಟರು. ಪಂದ್ಯ ನಿಲ್ಲಕೂಡದು, ತೂಕಕ್ಕೆ ಸರಿಹೋಗುವ ಬೇರೆಯವರನ್ನು ಹತ್ತಿಸಿ, ಜನರ ನಡುವೆ ನನ್ನ ಮಗನೇ ಕೂತಿದ್ದಾನಲ್ಲ ಎಂದರು. ಹೋದ ವರ್ಷ ಇಬ್ಬರು ಆಟಗಾರರು ಒಬ್ಬರನ್ನೊಬ್ಬರು ಮುಟ್ಟದೆ ಪಂದ್ಯವಿಡೀ ಸುತ್ತು ಹೊಡೆದದ್ದರಿಂದ ಜನ ಎದ್ದು ಹೋಗಿದ್ದರಂತೆ. ಆ ಸಿಟ್ಟಿಗೆ ಅವರೇ ಹೊಸ ನಿಯಮ ಮಾಡಿದ್ದರು: ಹೊಡೆದಾಡದೆ ತಪ್ಪಿಸಿಕೊಂಡು ತಿರುಗುವವನಿಗೆ ಎರಡು ಸಲ ಎಚ್ಚರಿಕೆ, ಮೂರನೆಯ ಸಲ ದಂಡ, ಪಂದ್ಯ ಸೋತಂತೆ.

ಹೀಗೆ ಬಡಗಿ ರಿಂಗಿನ ಒಂದು ಮೂಲೆಯಲ್ಲಿ, ಅವನ ಹಲ್ಲಿನ ಉಳಿದರ್ಧ ಕೆಲಸ ಇನ್ನೊಂದು ಮೂಲೆಯಲ್ಲಿ ನಿಂತವು.

ಗಂಟೆ ಹೊಡೆಯಿತು. ಇಬ್ಬರೂ ಮಧ್ಯಕ್ಕೆ ಬಂದು, ಒಬ್ಬರನ್ನೊಬ್ಬರು ನೋಡಿ, ಬಿಸಿ ಪಾತ್ರೆ ಮುಟ್ಟಿದವರಂತೆ ಹಿಂದೆ ಸರಿದರು.

ಬಡಗಿಯ ಕಣ್ಣಿಗೆ ಕಾಣುತ್ತಿದ್ದುದು ಡಾಕ್ಟರ ಬಲಗೈ ಒಂದೇ. ಗ್ಲೌಸಿನೊಳಗೆ ಆ ಹೂವಿನಂಥ ಬೆರಳುಗಳು ಮಲಗಿದ್ದವು. ಮುಖಕ್ಕೆ ಹೊಡೆಯೋಣವೆಂದರೆ ಡಾಕ್ಟರು ಕೈ ಅಡ್ಡ ತರುತ್ತಿದ್ದರು, ಹೊಟ್ಟೆಗೆಂದರೆ ಅಲ್ಲಿಗೂ ಕೈ ತರುತ್ತಿದ್ದರು. ಆ ಕೈಗೆ ಏಟು ಬಿದ್ದರೆ ನಾಳೆ ತನ್ನ ಗತಿ ಏನು? ಸುತ್ತು ಹಾಕುತ್ತಲೇ, ಹಲ್ಲು ಕಾಯಲೆಂದು ಬಾಯಲ್ಲಿ ಕಚ್ಚಿದ್ದ ರಬ್ಬರಿನ ಸಂದಿಯಿಂದ ಕೇಳಿದ:

"ಡಾಕ್ಟ್ರೇ, ನಾಳೆ ಬೆಳಿಗ್ಗೆ ಇರ್ತೀರಲ್ಲ?"

"ಇರ್ತೀನಿ. ಏನೂ ತಿನ್ದೆ ಬನ್ನಿ." ಡಾಕ್ಟರು ಗಾಳಿಗೊಂದು ಗುದ್ದು ಹಾಕಿದರು. "ನೀವು ಗಲ್ಲ ಆ ಕಡೆ ಇಟ್ಕೊಳ್ಳಿ. ಇಲ್ಲಿ ಕೂತಿರೋರಲ್ಲಿ ಅರ್ಧ ಜನ ನನ್ನ ಪೇಷೆಂಟ್‌ಗಳು. ನಿಮ್ಮ ಹಲ್ಲು ಇವರ ಮುಂದೆ ಬಿತ್ತು ಅಂದ್ರೆ ನಾಳೆಯಿಂದ ಯಾರು ನನ್ನ ಹತ್ರ ಬಾಯಿ ತೆಗೀತಾರೆ?"

ರೆಫರಿಯಾಗಿದ್ದ ಡ್ರಿಲ್ ಮೇಷ್ಟ್ರು ಮೊದಲ ಎಚ್ಚರಿಕೆ ಕೊಟ್ಟರು.

ಜನ ಎರಡು ಪಂಗಡವಾದರು. ಕಾಸು ಕೊಟ್ಟು ಬಂದಿರುವುದು ಏಟು ನೋಡಲಿಕ್ಕೆ, ದಂಡ ಹಾಕಿ ಎಂದು ಪಾಲಿಶ್‌ನವನು ಕೂಗಿದ. ಏಟು ತಿನ್ನದೆ ಇರುವುದೇ ದೊಡ್ಡ ವಿದ್ಯೆ, ಭಾವ ಎದುರಾಳಿಯನ್ನು ದಣಿಸುತ್ತಿದ್ದಾರೆ ಎಂದು ಬಾಮೈದ ಗಿರಾಕಿಗಳಿಗೆ ವಿವರಿಸಿದ. ದಣಿದದ್ದು ನಿಜ, ಇಬ್ಬರೂ ದಣಿದಿದ್ದರು. ಡಾಕ್ಟರು ಹಗ್ಗಕ್ಕೆ ಎಡವಿ ಬೀಳಲು ಹೋದಾಗ ಬಡಗಿ ಓಡಿಹೋಗಿ, ಅವರ ಬಲಗೈ ಎಲ್ಲಿಯೂ ತಗಲದ ಹಾಗೆ, ಮಗುವನ್ನು ಎತ್ತಿಕೊಂಡಂತೆ ಹಿಡಿದುಕೊಂಡ. ಜನ ನಕ್ಕರು. ಎರಡನೆಯ ಎಚ್ಚರಿಕೆ ಬಿತ್ತು.

"ಹೊಡೀರೋ," ಎಂದರು ದೊಡ್ಡ ಡಾಕ್ಟರು ಮೇಜಿನ ಹಿಂದಿನಿಂದ. "ಇದೇನು ಹೆಣ್ಣು ನೋಡೋ ಶಾಸ್ತ್ರಾನಾ?"

ಕೊನೆಯ ಸುತ್ತಿನಲ್ಲಿ ಇಬ್ಬರೂ ಮೂಲೆಗೊಬ್ಬರಂತೆ ಹಗ್ಗ ಹಿಡಿದು ಏದುಸಿರು ಬಿಡುತ್ತ ನಿಂತುಬಿಟ್ಟರು. ದೊಡ್ಡ ಡಾಕ್ಟರು ಎದ್ದು ನಿಂತು ಇಬ್ಬರಿಗೂ ದಂಡ ಹಾಕಿದರು. ಇಬ್ಬರೂ ಸೋತಿದ್ದರು, ಗೆದ್ದವರು ಯಾರೂ ಇರಲಿಲ್ಲ.

ಬಡಗಿ ನಾಲಗೆಯಿಂದ ಹಲ್ಲನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ. ಸಿಮೆಂಟು ಹಾಗೇ ಇತ್ತು. ಡಾಕ್ಟರ ಕೈ ನೋಡಿದ. ಗ್ಲೌಸು ಬಿಚ್ಚುತ್ತಿದ್ದರು, ಬೆರಳುಗಳೆಲ್ಲ ನೆಟ್ಟಗಿದ್ದವು. ಹುಟ್ಟಿದಂದಿನಿಂದ ಯಾವ ಗೆಲುವೂ ಅವನಿಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ. ಬಾಮೈದ ಮಾತು ಬಿಟ್ಟರೆ ಬಿಡಲಿ, ಪಾಲಿಶ್‌ನವನು ವರ್ಷವಿಡೀ ಆಡಿಕೊಂಡರೆ ಆಡಿಕೊಳ್ಳಲಿ. ನಾಳೆ ಬೆಳಗಿನ ಹೊತ್ತಿಗೆ ನೋವು ಹೋಗಿರುತ್ತದೆ.

ಆದರೆ ಸಣ್ಣ ಡಾಕ್ಟರು ಸುಮ್ಮನೆ ಮನೆಗೆ ಹೋಗಲಿಲ್ಲ. ದಂಡದ ಮಾತು ಅವರಿಗೆ ನಾಟಿತ್ತು. ನೇರ ತೀರ್ಪುಗಾರರ ಮೇಜಿನ ಮುಂದೆ ಹೋಗಿ ನಿಂತರು.

"ಅಪ್ಪಾ, ಇದು ಅನ್ಯಾಯ. ಏಟು ತಪ್ಪಿಸ್ಕೊಳ್ಳೋದೂ ಆಟಾನೇ. ಹೊಡೀದೆ ಇದ್ದಿದ್ದಕ್ಕೆ ಮನುಷ್ಯನಿಗೆ ದಂಡ ಹಾಕೋದು ಯಾವ ಊರಿನ ನ್ಯಾಯ?"

"ತಪ್ಪಿಸ್ಕೊಳ್ಳೋನು ಮನೇಲೇ ಇರಬೇಕಿತ್ತು," ಎಂದರು ತಂದೆ. "ಹಗ್ಗದೊಳಗೆ ಬಂದ ಮೇಲೆ ಹೊಡೀಬೇಕು."

"ಪಾಪ, ಆ ಬಡಗಿ ಎಷ್ಟು ಒಳ್ಳೆ ಮನುಷ್ಯ. ಅವರಿಗೋಸ್ಕರಾನಾದ್ರೂ ಈ ನಿಯಮ ತೆಗೀಲೇಬೇಕು," ಎಂದು ಸಣ್ಣ ಡಾಕ್ಟರು ಬಲಗೈ ಮುಷ್ಟಿ ಬಿಗಿದು ಮೇಲೆತ್ತಿದರು.

ಬಡಗಿ ಹಗ್ಗದ ಕೆಳಗೆ ನುಸುಳಿ ಓಡಿದ. ಬೇಡ ಡಾಕ್ಟ್ರೇ ಎನ್ನಲು ಹೋದರೆ ಬಾಯಲ್ಲಿ ರಬ್ಬರು ಇನ್ನೂ ಇತ್ತು.

ಮುಷ್ಟಿ ಮೇಜಿನ ಮೇಲೆ ಬಿತ್ತು. ಲಟಕ್ ಎಂದು ಸದ್ದಾಯಿತು. ಹೊಸ ಮೇಜು ಮುರಿಯಿತು ಎಂದು ಹಿಂದೆ ಕೂತ ಯಾರೋ ಕೂಗಿದರು. ಬಡಗಿಗೂ ಒಂದು ಗಳಿಗೆ ಹಾಗೇ ಆಸೆಯಾಯಿತು. ಆದರೆ ಇಪ್ಪತ್ತು ವರ್ಷ ಮರಗೆಲಸ ಮಾಡಿದವನು ಅವನು. ಅದು ಮರದ ಸದ್ದಲ್ಲ. ಮೇಜಿನ ಮೇಲಿದ್ದ ಲೋಟದ ನೀರು ಸಹ ಕದಲಿರಲಿಲ್ಲ.

ಮೂಳೆ ಡಾಕ್ಟರಿಗೆ ಯಾರೋ ಫೋನು ಮಾಡಿದರು. ಎರಡು ಬೆರಳು, ಕನಿಷ್ಠ ತಿಂಗಳೊಪ್ಪತ್ತು ಎಂದು ಡ್ರಿಲ್ ಮೇಷ್ಟ್ರು ನೋಡಿದ ಕೂಡಲೇ ಹೇಳಿದರು. ಸಣ್ಣ ಡಾಕ್ಟರು ನೋವಿನಲ್ಲೂ ಬಡಗಿಯ ಕಡೆ ತಿರುಗಿ, ನಾಳೆ ಬೆಳಿಗ್ಗೆ ಎಂದು ಏನೋ ಹೇಳಲು ಹೊರಟರು.

"ನೀನು ಯೋಚನೆ ಮಾಡಬೇಡ," ಎಂದರು ದೊಡ್ಡ ಡಾಕ್ಟರು, ಬಡಗಿಯ ಊದಿದ ಗಲ್ಲವನ್ನು ಆಸೆಗಣ್ಣಿನಿಂದ ನೋಡುತ್ತ. "ಬೆಳಿಗ್ಗೆ ಬಾ. ನಾನೇ ಕೂರ್ತೀನಿ. ನಿಮ್ಮ ಮಾವನದೂ ನಾನೇ ನೋಡಿದ್ದು."

ಬಡಗಿ ಬಾಯಿಂದ ರಬ್ಬರು ತೆಗೆಯುವ ಮೊದಲೇ, ಭಾವ ಖಂಡಿತ ಬರ್ತಾರೆ, ನಾನೇ ಕರ್ಕೊಂಡು ಬರ್ತೀನಿ ಎಂದು ಬಾಮೈದ ಕೈಮುಗಿದು ಒಪ್ಪಿಕೊಂಡ.

ದೊಡ್ಡ ಡಾಕ್ಟರು ಲೋಟ ಎತ್ತಿಕೊಂಡರು. ನೀರು ಅಂಗಿಯ ಮೇಲೆಲ್ಲ ಚೆಲ್ಲಿತು.

"ಕುರ್ಚೀಲಿ ಕೂತ ಮೇಲೆ ಮಾತ್ರ ಆ ಕಡೆ ಈ ಕಡೆ ತಪ್ಪಿಸ್ಕೊಳ್ಳೋ ಹಾಗಿಲ್ಲ," ಎಂದರು. "ಅಲ್ಲಿ ನಾನು ಎಚ್ಚರಿಕೆ ಕೊಡಲ್ಲ."